ಸ್ನಾನಘಟ್ಟದ ಫಲಕ ಮತ್ತು ನೀರಿನೊಳಗಿನ ಕಿವಿ

ಮಾನ್ಯರೆ,

ನಮ್ಮ ಬಾಗಲಕೋಟೆ ಜಿಲ್ಲೆಯ ನದಿತೀರದ ಸ್ನಾನಘಟ್ಟವೊಂದರಲ್ಲಿ ಕಳೆದ ತಿಂಗಳು ಒಂದು ಫಲಕ ಕಂಡೆ. ‘ದೋಣಿಯ ಸದ್ದು ಕೇಳಿದ ಕೂಡಲೇ ಪಕ್ಕಕ್ಕೆ ಸರಿಯಿರಿ’ ಎಂದು ಅದರಲ್ಲಿ ಬರೆದಿತ್ತು. ಬರೆಸಿದವರ ಉದ್ದೇಶ ಒಳ್ಳೆಯದೇ. ಆದರೆ ಮುಳುಗು ಹಾಕಿದವನಿಗೆ ಮೋಟಾರು ದೋಣಿಯ ಸದ್ದು ಚೆನ್ನಾಗಿ ಕೇಳಿಸಿದರೂ ಅದು ಯಾವ ದಿಕ್ಕಿನಿಂದ ಬರುತ್ತಿದೆ ಎಂಬುದು ತಿಳಿಯುವುದಿಲ್ಲ. ಅವನು ಸರಿಯಬೇಕಾದದ್ದು ಯಾವ ಪಕ್ಕಕ್ಕೆ?

ಸೊಂಟಕ್ಕೆ ಸೋರೆಬುರುಡೆ ಕಟ್ಟಿಕೊಂಡು ಹೊಲದ ಬಾವಿಯಲ್ಲಿ ಈಜು ಕಲಿತವರು ನಾವು. ಬುರುಡೆ ಬಿಚ್ಚುವ ಧೈರ್ಯ ಬಂದ ಮೇಲೆ ಒಂದು ಆಟ ಆಡುತ್ತಿದ್ದೆವು. ಒಬ್ಬ ಕಣ್ಣು ಮುಚ್ಚಿ ಮುಳುಗಬೇಕು. ಸುತ್ತಲಿನ ಮೆಟ್ಟಿಲುಗಳ ಮೇಲೆ ಕುಳಿತವರಲ್ಲಿ ಯಾರಾದರೊಬ್ಬರು ನೀರಿನೊಳಗೆ ಕೈಯಿಳಿಸಿ ಎರಡು ಕಲ್ಲು ಬಡಿಯಬೇಕು. ಮುಳುಗಿದವನು ಮೇಲೆದ್ದು ಬಡಿದವನನ್ನು ತೋರಿಸಬೇಕು. ಆ ‘ಟಕ್’ ಎಂಬ ಸದ್ದು ತಲೆಯ ನಡುವೆಯೇ ಹುಟ್ಟಿದಂತೆ ಕೇಳುತ್ತಿತ್ತು. ಸರಿಯಾಗಿ ತೋರಿಸಿದವರು ಕಡಿಮೆ, ತೋರಿಸಿದವರೂ ಅದೃಷ್ಟದಿಂದ ತೋರಿಸಿದರು. ಇದರ ಕಾರಣ ನನಗೆ ತಿಳಿದದ್ದು ನಾನೇ ವಿಜ್ಞಾನದ ಮಾಸ್ತರನಾದ ಮೇಲೆ.

ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರು ಸಾಗುತ್ತದೆ. ಎಡದಿಂದ ಬಂದ ಸದ್ದು ಬಲಗಿವಿಯನ್ನು ಮುಟ್ಟಲು ಸೆಕೆಂಡಿನ ಸಾವಿರದಲ್ಲೊಂದು ಭಾಗಕ್ಕಿಂತಲೂ ಕಡಿಮೆ ತಡವಾಗುತ್ತದೆ; ಅಷ್ಟೇ ಅಂತರವನ್ನು ಹಿಡಿದು ಮಿದುಳು ದಿಕ್ಕು ಹೇಳುತ್ತದೆ. ನೀರಿನಲ್ಲಿ ಅದೇ ಸದ್ದು ನಾಲ್ಕು ಪಟ್ಟಿಗಿಂತ ಹೆಚ್ಚು ವೇಗದಿಂದ ಓಡುತ್ತದೆ; ಹಾಗಾಗಿ ಎರಡು ಕಿವಿಗಳ ನಡುವಿನ ಆ ಅಂತರವೂ ಅಷ್ಟೇ ಕುಗ್ಗುತ್ತದೆ. 1826ರಲ್ಲಿ ಜಿನೀವಾ ಸರೋವರದಲ್ಲಿ ಕೊಲಾಡಾನ್ ಮತ್ತು ಸ್ಟರ್ಮ್ ಎಂಬಿಬ್ಬರು ವಿಜ್ಞಾನಿಗಳು ನೀರಿನೊಳಗೆ ಗಂಟೆ ಬಾರಿಸಿ, ಅದೇ ಕ್ಷಣಕ್ಕೆ ಮದ್ದಿನ ಬೆಳಕು ಹೊತ್ತಿಸಿ, ದೂರದ ದೋಣಿಯಲ್ಲಿ ಉದ್ದನೆಯ ಕೊಳವೆ ಇಳಿಬಿಟ್ಟು ಆಲಿಸಿ, ಸೆಕೆಂಡಿಗೆ 1435 ಮೀಟರು ಎಂದು ಅಳೆದಿದ್ದರು. ಸಾಲದ್ದಕ್ಕೆ, ನೀರಿನಲ್ಲಿ ನಾವು ಕೇಳುವುದು ಹೆಚ್ಚಾಗಿ ಕಿವಿತಮಟೆಯಿಂದಲ್ಲ, ತಲೆಬುರುಡೆಯ ಎಲುಬಿನಿಂದ. ಎಲುಬಿನ ಮೂಲಕ ಬಂದ ಅದುರು ಎರಡೂ ಒಳಕಿವಿಗಳನ್ನು ಹೆಚ್ಚುಕಡಿಮೆ ಒಟ್ಟಿಗೇ ಮುಟ್ಟುವುದರಿಂದ ದಿಕ್ಕಿನ ಸುಳಿವು ಅಳಿಸಿಹೋಗುತ್ತದೆ.

ದಂಡೆಯಲ್ಲಿ ನಿಂತು ‘ಎಷ್ಟು ಕೂಗಿದರೂ ಕೇಳಿಸಿಕೊಳ್ಳಲಿಲ್ಲ’ ಎಂದು ಹುಡುಗರನ್ನು ಬೈಯುವವರಿಗೂ ಒಂದು ಮಾತು. ಗಾಳಿಯಲ್ಲಿ ಹುಟ್ಟಿದ ಕೂಗು ನೀರಿನ ಮೇಲ್ಮೈಗೆ ಬಡಿದಾಗ ಅದರ ಶಕ್ತಿಯಲ್ಲಿ ಸಾವಿರಕ್ಕೆ ಒಂದು ಪಾಲಷ್ಟೇ ಒಳಗಿಳಿಯುತ್ತದೆ, ಉಳಿದದ್ದು ಹಿಂದಕ್ಕೆ ಚಿಮ್ಮುತ್ತದೆ. ಮುಳುಗಿದವನಿಗೆ ಅದು ಕೇಳದಿರುವುದೇ ಸಹಜ.

ಮೀನಿಗೆ ಈ ಪೇಚಿಲ್ಲ. ಅದಕ್ಕೆ ಹೊರಗಿವಿಯೂ ಇಲ್ಲ, ಬೇಕಾಗಿಯೂ ಇಲ್ಲ. ಅದರ ಮೈಯ ಸಾಂದ್ರತೆ ನೀರಿನಷ್ಟೇ ಇರುವುದರಿಂದ ಶಬ್ದ ಬಂದಾಗ ಮೈಯೂ ನೀರಿನೊಂದಿಗೆ ಅದುರುತ್ತದೆ. ಒಳಕಿವಿಯಲ್ಲಿರುವ ಸುಣ್ಣದ ಪುಟ್ಟ ಹರಳು ಮಾತ್ರ ಭಾರವಾದ್ದರಿಂದ ಹಿಂದೆ ಬೀಳುತ್ತದೆ, ಅದರ ಕೆಳಗಿನ ಸೂಕ್ಷ್ಮ ರೋಮಗಳು ಬಾಗುತ್ತವೆ, ಯಾವ ಕಡೆಗೆ ಬಾಗಿದವೆಂಬುದರಿಂದ ದಿಕ್ಕಿನ ಸುಳಿವೂ ಸಿಗುತ್ತದೆ. ನಮ್ಮ ಸಂತೆಗೆ ಬರುವ ರೋಹು, ಕಾಟ್ಲಾ ಮುಂತಾದ ಗೆಂಡೆ ಜಾತಿಯ ಮೀನುಗಳಲ್ಲಿ ಹೊಟ್ಟೆಯ ಗಾಳಿಚೀಲದಿಂದ ಒಳಕಿವಿಯವರೆಗೆ ಸಣ್ಣ ಎಲುಬುಗಳ ಸರಪಳಿಯೇ ಇದೆ. ಅದೇ ಸರಪಳಿಯುಳ್ಳ ಕ್ಯಾಟ್‌ಫಿಶ್ ಒಂದು, ಎರಡೂ ಕಣ್ಣಿಲ್ಲದಿದ್ದರೂ, ಸಿಳ್ಳೆ ಕೇಳಿ ತನ್ನ ಕೊಳವೆಯಿಂದ ಹೊರಬರುವುದನ್ನು ಕಲಿತಿತ್ತೆಂದು 1923ರಲ್ಲಿ ಜೀವವಿಜ್ಞಾನಿ ಕಾರ್ಲ್ ಫಾನ್ ಫ್ರಿಶ್ ಬರೆದರು. ನಮಗೆ ಸಾಲದ ಆ ಸಾವಿರಕ್ಕೊಂದು ಪಾಲು ಅದಕ್ಕೆ ಸಾಕಾಗಿತ್ತು. ದೋಣಿಯ ಹುಟ್ಟುಗೋಲಿನಿಂದ ನೀರು ಬಡಿದು ಮೀನನ್ನು ಬಲೆಯತ್ತ ಅಟ್ಟುವ ಅಂಬಿಗರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಕೃಷ್ಣೆಯ ಮೊಸಳೆಯಂತೂ ಕಿವಿಯ ಮುಚ್ಚಳ ಹಾಕಿಕೊಂಡು ಮುಳುಗಿದರೂ ದವಡೆಯ ಮೇಲಿನ ಸಣ್ಣ ಗುಳ್ಳೆಗಳಿಂದ ನೀರಿನ ಅಲುಗಾಟವನ್ನು ಕತ್ತಲಲ್ಲೂ ಗುರುತಿಸುತ್ತದೆ. ನೀರು ಅವುಗಳ ಮನೆ, ನಾವು ಅಲ್ಲಿ ಬೀಗರು.

ಆದ್ದರಿಂದ ಸಂಬಂಧಪಟ್ಟವರಲ್ಲಿ ನನ್ನ ವಿನಂತಿ ಇಷ್ಟು. ಸ್ನಾನದ ಜಾಗಕ್ಕೂ ದೋಣಿಯ ದಾರಿಗೂ ನಡುವೆ ತೇಲುಬುರುಡೆಗಳಿರುವ ಹಗ್ಗ ಕಟ್ಟಿಸಬೇಕು. ದೋಣಿ ಆ ಹಗ್ಗ ದಾಟಿ ಒಳಗೆ ಬರಕೂಡದು. ಯಂತ್ರ ಚಾಲೂ ಮಾಡುವ ಮೊದಲು ದೋಣಿಯವನು ನೀರಿನಲ್ಲಿ ಇಳಿಬಿಟ್ಟ ಕಬ್ಬಿಣದ ಕೊಳವೆಗೆ ಸುತ್ತಿಗೆಯಿಂದ ನಾಲ್ಕು ಪೆಟ್ಟು ಹಾಕಲಿ. ಮೇಲೆ ಊದುವ ಸೀಟಿಗಿಂತ ಆ ಸದ್ದು ಮುಳುಗಿದವರಿಗೆ ಸ್ಪಷ್ಟವಾಗಿ ತಲುಪುತ್ತದೆ, ಮತ್ತು ದಿಕ್ಕು ತಿಳಿಯದಿದ್ದರೂ ಮೇಲೆದ್ದು ನೋಡಲು ಅವರಿಗೆ ಸಮಯವಿರುತ್ತದೆ. ಫಲಕದಲ್ಲಿ ‘ಪಕ್ಕಕ್ಕೆ ಸರಿಯಿರಿ’ ಎಂಬುದನ್ನು ಅಳಿಸಿ, ‘ಕಬ್ಬಿಣದ ಸದ್ದು ಕೇಳಿದರೆ ಮೇಲೆದ್ದು ದಂಡೆಗೆ ಬನ್ನಿರಿ’ ಎಂದು ಬರೆಸಬೇಕು.

— ನಿವೃತ್ತ ವಿಜ್ಞಾನ ಶಿಕ್ಷಕ, ನವನಗರ, ಬಾಗಲಕೋಟೆ