ಹತ್ತು ಗಂಟೆಯೆಂದರೆ ಹತ್ತು ಗಂಟೆ

ಮಾನ್ಯ ಸಂಪಾದಕರೇ,

ಹತ್ತು ಗಂಟೆಗೆ ಕರೆದ ಸಭೆ ಹತ್ತೂಕಾಲಿಗೆ ಶುರುವಾದರೆ ಅದನ್ನು ನಷ್ಟವೆಂದು ಯಾರೂ ಲೆಕ್ಕ ಇಡುವುದಿಲ್ಲ. ಅಲ್ಲಿ 12 ಮಂದಿ ಕಾದು ಕೂತಿದ್ದರೆ ಹಾಳಾದದ್ದು ಒಟ್ಟು 3 ಗಂಟೆ. ಒಂದರ ಬೆನ್ನಿಗೆ ಒಂದು ಸಾಗುವ ಕೆಲಸಗಳಲ್ಲಿ ಪೆಟ್ಟು ಇನ್ನೂ ಜೋರು. 10 ನಿಮಿಷಕ್ಕೊಬ್ಬರಂತೆ 20 ರೋಗಿಗಳಿಗೆ ಬಿಡುವಿಲ್ಲದೆ ಸಮಯ ಕೊಟ್ಟು, ವೈದ್ಯರು 15 ನಿಮಿಷ ತಡವಾಗಿ ಬಂದರೆ ಕೊನೆಯ ರೋಗಿಯವರೆಗೂ ಪ್ರತಿಯೊಬ್ಬರೂ ಅಷ್ಟೇ ಹೊತ್ತು ಹೆಚ್ಚು ಕಾಯಬೇಕು. ಎಲ್ಲರದ್ದೂ ಸೇರಿ 5 ಗಂಟೆ! ಗಂಟೆಗೆ ಆರು ಜನರ ಬದಲು ಐವರನ್ನು ಕರೆದಿದ್ದರೆ, ಉಳಿದ 10 ನಿಮಿಷಗಳಲ್ಲಿ ಆ ತಡವೆಲ್ಲ ಎರಡನೇ ಗಂಟೆ ಮುಗಿಯುವಷ್ಟರಲ್ಲಿ ಕರಗಿಹೋಗುತ್ತಿತ್ತು.

ತಡವಾಗಿ ಬರುವವರೆಲ್ಲ ಬೇಜವಾಬ್ದಾರಿಗಳು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಬಹಳಷ್ಟು ಜನ ಎಡವುವುದು ಅಂದಾಜಿನಲ್ಲಿ. ಹಿಂದಿನ ಸಲ ಎಷ್ಟು ಹೊತ್ತು ಹಿಡಿದಿತ್ತು ಎಂಬುದನ್ನು ಮರೆತು, ಈ ಸಲ ಎಲ್ಲವೂ ಸುಸೂತ್ರವಾಗಿ ನಡೆಯುತ್ತದೆಂದು ನಂಬುವುದು ಮನುಷ್ಯಸಹಜ. ಮನಶ್ಶಾಸ್ತ್ರಜ್ಞರಾದ ಡೇನಿಯಲ್ ಕಾನೆಮನ್ ಮತ್ತು ಏಮಸ್ ಟ್ವರ್ಸ್ಕಿ 1979ರಲ್ಲೇ ಈ ದೋಷವನ್ನು ಗುರುತಿಸಿದ್ದರು. 1994ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ವಿದ್ಯಾರ್ಥಿಗಳು ತಮ್ಮ ಪ್ರಬಂಧ ಮುಗಿಸಲು ಸರಾಸರಿ 34 ದಿನ ಸಾಕೆಂದಿದ್ದರು. ಏನೆಲ್ಲ ಕೆಡಬಹುದೋ ಅಷ್ಟೂ ಕೆಟ್ಟರೆ 49 ದಿನ ಎಂದಿದ್ದರು. ನಿಜಕ್ಕೂ ಹಿಡಿದದ್ದು 55 ದಿನಕ್ಕೂ ಹೆಚ್ಚು.

ದಿನನಿತ್ಯದ ಓಡಾಟದಲ್ಲೂ ಇದೇ ಕಥೆ. ‘ಅರ್ಧ ಗಂಟೆಯ ದಾರಿ’ ಎನ್ನುವಾಗ ನಾವು ಎಣಿಸುವುದು ವಾಹನ ಓಡುವ ಹೊತ್ತನ್ನು ಮಾತ್ರ. ಬೀಗದ ಕೈ ಹುಡುಕಿದ್ದು, ವಾಹನ ನಿಲ್ಲಿಸಲು ಜಾಗಕ್ಕಾಗಿ ಸುತ್ತಿದ್ದು, ಲಿಫ್ಟಿಗೆ ಕಾದದ್ದು ಲೆಕ್ಕಕ್ಕೇ ಬರುವುದಿಲ್ಲ. ಆದ್ದರಿಂದ ಮನೆಯ ಬಾಗಿಲಿನಿಂದ ಕೂರುವ ಕುರ್ಚಿಯವರೆಗಿನ ಸಮಯವನ್ನು ಐದು ಸಲ ಅಳೆದು, ಸರಾಸರಿಯ ಬದಲು ಅತಿ ಹೆಚ್ಚು ಹಿಡಿದದ್ದನ್ನು ಆರಿಸಿಕೊಳ್ಳಬೇಕು. ಅದು 50 ನಿಮಿಷ ಎಂದುಕೊಳ್ಳಿ. ಹತ್ತರ ಸಭೆಗೆ 9.50ಕ್ಕೆ ಕುರ್ಚಿಯಲ್ಲಿರಬೇಕಾದರೆ 9ಕ್ಕೆ ಮನೆ ಬಿಡಬೇಕು. ಡೈರಿಯಲ್ಲಿ ಸಭೆಯ ಹೊತ್ತಿನ ಜೊತೆಗೆ ಈ 9 ಗಂಟೆಯನ್ನೂ ಬರೆದುಕೊಂಡು, 8.45ಕ್ಕೆ ಅಲಾರಂ ಇಡಬೇಕು. ಅಲ್ಲಿಂದಾಚೆಗೆ ಹೊಸ ಕೆಲಸಕ್ಕೆ ಕೈಹಾಕಕೂಡದು. ‘ಇದೊಂದು ಮುಗಿಸಿಬಿಡೋಣ’ ಎಂದು ಹೊರಡುವ ಮುನ್ನ ಹಿಡಿಯುವ ಪುಟ್ಟ ಕೆಲಸವೇ ಎಷ್ಟೋ ಸಲ ತಡಕ್ಕೆ ಮೂಲ.

ಇಷ್ಟಾಗಿಯೂ ತಡವಾದರೆ, ಗೊತ್ತಾದ ಕೂಡಲೇ ತಿಳಿಸಬೇಕು. ‘ಐದೇ ನಿಮಿಷ, ಬಂದೆ’ ಎನ್ನುವ ಬದಲು ‘10.20ಕ್ಕೆ ತಲುಪುತ್ತೇನೆ, ಶುರು ಮಾಡಿ’ ಎಂದರೆ ಕಾಯುವವರು ಅಷ್ಟರಲ್ಲಿ ಬೇರೇನಾದರೂ ಮಾಡಿಕೊಳ್ಳಬಹುದು.

ಸಭೆ ಕರೆಯುವವರಲ್ಲಿ ನನ್ನದೊಂದು ವಿನಂತಿ. ‘ಎಲ್ಲರೂ ಬರಲಿ’ ಎಂದು ಕಾಯುತ್ತ ಕೂತರೆ ಹೊತ್ತಿಗೆ ಸರಿಯಾಗಿ ಬಂದವರಿಗೇ ಶಿಕ್ಷೆ. ಮುಂದಿನ ಸಲ ಅವರೂ ಹತ್ತು ನಿಮಿಷ ತಡವಾಗಿಯೇ ಹೊರಡುತ್ತಾರೆ. ಹೇಳಿದ ಹೊತ್ತಿಗೆ ಬಾಗಿಲು ಹಾಕಿ, ಮುಖ್ಯ ವಿಷಯವನ್ನೇ ಮೊದಲು ಎತ್ತಿಕೊಳ್ಳಿ. ತಡವಾಗಿ ಬಂದವರಿಗಾಗಿ ಆದ ಚರ್ಚೆಯನ್ನು ಮತ್ತೆ ಒಪ್ಪಿಸಬೇಡಿ, ಸಭೆಯ ನಂತರ ಟಿಪ್ಪಣಿ ಕೊಟ್ಟರೆ ಸಾಕು. ಮುಗಿಸುವ ಹೊತ್ತನ್ನೂ ಮೊದಲೇ ಹೇಳಿ, ಅದಕ್ಕೂ ಬದ್ಧರಾಗಿರಿ.

ಇತಿ,
ತಮ್ಮ ಓದುಗ