ಕಾಯಿಲ್ ಕೊಳ್ಳುವ ಮೊದಲು ಟ್ರಯಲ್ ಡಬ್ಬಿ ಒಯ್ಯಿರಿ

ಪ್ರಿಯ ಗ್ರಾಹಕರೇ, ನಮಸ್ಕಾರ.

ಹಳೆಯ ಜಾವಾ, ಯೆಜ್ಡಿ ಬೈಕುಗಳ ಬಿಡಿಭಾಗಕ್ಕೆಂದು ನಮ್ಮ ಮೈಸೂರಿನ ಅಂಗಡಿಗೆ ಬರುವ, ಮನೆಯಲ್ಲೇ ರಿಪೇರಿ ಮಾಡಿಕೊಳ್ಳುವ ಎಲ್ಲರಿಗೂ ಈ ಪತ್ರ.

ಮುಂದಿನ ತಿಂಗಳ 1ರಿಂದ, ಎಂಜಿನ್ನಿನ ಕಿಡಿಗೆ ಬೇಕಾದ ಕಾಯಿಲ್, ಕಂಡೆನ್ಸರ್‌ಗಳನ್ನು ಕೇಳಿದ ಕೂಡಲೇ ಬಿಲ್ ಮಾಡಿ ಕೊಡುವುದಿಲ್ಲ. ಮೊದಲು ಒಂದು ಟ್ರಯಲ್ ಡಬ್ಬಿ ಕೊಡುತ್ತೇವೆ. ಅದರಲ್ಲಿ ಒಂದು ಕಾಯಿಲ್, ಒಂದು ಕಂಡೆನ್ಸರ್, ಒಂದು ಸ್ಪಾರ್ಕ್ ಪ್ಲಗ್, ಸಂದು ಅಳೆಯುವ ತೆಳು ಪಟ್ಟಿಗಳ ಫೀಲರ್ ಗೇಜ್ ಇರುತ್ತವೆ. ಎಲ್ಲವೂ ನಮ್ಮದೇ ಗಾಡಿಗೆ ಹಾಕಿ ಓಡಿಸಿ ನೋಡಿದ ಸಾಮಾನು. ಠೇವಣಿ ಇಟ್ಟು 3 ದಿನ ಮನೆಗೆ ಒಯ್ಯಿರಿ. ಒಂದೊಂದಾಗಿ ಹಾಕಿ ನೋಡಿ. ಯಾವುದರಿಂದ ಗಾಡಿ ಸರಿಹೋಯಿತೋ ಅದನ್ನು ಮಾತ್ರ ಕೊಂಡರೆ ಸಾಕು. ಡಬ್ಬಿ ವಾಪಸ್ ಬಂದ ದಿನವೇ ಠೇವಣಿ ಪೂರ್ತಿ ಕೊಡುತ್ತೇವೆ. ಬಾಡಿಗೆ ಇಲ್ಲ.

ಯಾಕೆ ಈ ಬದಲಾವಣೆ ಎಂದರೆ, ತಪ್ಪು ನಮ್ಮದೇ ಇತ್ತು. ಕಳೆದ ಮಳೆಗಾಲದಲ್ಲಿ ನಂಜನಗೂಡು ಕಡೆಯ ಹಿರಿಯರೊಬ್ಬರು ಬಂದರು. ಅವರ ಯೆಜ್ಡಿ ಐದಾರು ಕಿಲೋಮೀಟರ್ ಓಡಿ ನಿಂತುಬಿಡುತ್ತಿತ್ತು. ಹತ್ತು ನಿಮಿಷ ಬಿಟ್ಟರೆ ಮತ್ತೆ ಸ್ಟಾರ್ಟ್. ಬಿಸಿಗೆ ಕಾಯಿಲ್ ಕೈಕೊಡುತ್ತಿದೆ ಎಂದು ಹೇಳಿ ಕಾಯಿಲ್ ಮಾರಿದೆವು. ವಾರ ಬಿಟ್ಟು ಕಂಡೆನ್ಸರ್. ಆಮೇಲೆ ಕಾರ್ಬೊರೇಟರ್ ಕಿಟ್. ಕೊನೆಗೆ ನೋಡಿದರೆ ಟ್ಯಾಂಕ್ ಮುಚ್ಚಳದ ಗಾಳಿ ತೂತು ಕಟ್ಟಿಕೊಂಡಿತ್ತು. ಪೆಟ್ರೋಲ್ ಕೆಳಗೆ ಇಳಿದಷ್ಟೂ ಟ್ಯಾಂಕಿನೊಳಗೆ ಗಾಳಿ ಬರಬೇಕು, ಅಲ್ವಾ? ಬರದಿದ್ದರೆ ಪೆಟ್ರೋಲ್ ಇಳಿಯುವುದೇ ನಿಂತುಹೋಗುತ್ತದೆ. ಒಂದು ಪಿನ್ನಿನಲ್ಲಿ ಬಿಡಿಸಿದೆವು, ಗಾಡಿ ಸರಿಯಾಯಿತು. ಅವರು ಒಂದು ಮಾತೂ ಬೈಯಲಿಲ್ಲ. ನಾವು ದುಡ್ಡು ವಾಪಸ್ ಕೊಟ್ಟೆವು, ಆದರೂ ಆ ದಿನ ಮನಸ್ಸಿಗೆ ಸಮಾಧಾನವಾಗಲಿಲ್ಲ. 'ಕರೆಂಟ್ ಸಾಮಾನು ವಾಪಸ್ ಇಲ್ಲ' ಎಂಬ ಬೋರ್ಡನ್ನು ಅವತ್ತೇ ಇಳಿಸಿದೆವು.

ಇನ್ನೊಂದು ಕಾರಣವೂ ಇದೆ. ಈ ಗಾಡಿಗಳನ್ನು ಮಾಡುತ್ತಿದ್ದ ಇಲ್ಲಿನ ಯಾದವಗಿರಿಯ ಕಾರ್ಖಾನೆ 1996ರಲ್ಲಿ ಮುಚ್ಚಿತು. ಈಗ ಸಿಗುವ ಸಾಮಾನು ಬೇರೆ ಬೇರೆ ಕಡೆ ತಯಾರಾಗುತ್ತದೆ, ಗುಣ ಒಂದೇ ಸಮ ಇರುವುದಿಲ್ಲ. ಪ್ಯಾಕೆಟ್ ಒಡೆದ ಹೊಸ ಕಂಡೆನ್ಸರೇ ಕೆಟ್ಟಿದ್ದನ್ನು ನೋಡಿದ್ದೇವೆ. ಹೊಸದು ಹಾಕಿದ್ದೇನೆ, ಹಾಗಾಗಿ ಅದು ಸರಿ ಇದೆ ಎಂದುಕೊಂಡು ಎಂಜಿನ್ ಬಿಚ್ಚಲು ಕೂತರೆ ಸುಮ್ನೆ ಇಡೀ ವಾರ ಹೋಗುತ್ತದೆ.

ಡಬ್ಬಿ ಒಯ್ಯುವ ಮೊದಲೂ ಒಂದೆರಡು ಕೆಲಸ ಮಾಡಿ ನೋಡಿ. ಗಾಡಿ ನಿಂತ ಕೂಡಲೇ, ಆರುವ ಮೊದಲೇ, ಟ್ಯಾಂಕ್ ಮುಚ್ಚಳ ತೆರೆಯಿರಿ. ಉಸ್ ಎಂದು ಗಾಳಿ ಎಳೆದುಕೊಂಡು, ಸ್ವಲ್ಪ ಹೊತ್ತಿಗೇ ಸ್ಟಾರ್ಟ್ ಆದರೆ ಆ ತೂತಿನದೇ ಕೆಲಸ. ಆಗದಿದ್ದರೆ ಪ್ಲಗ್ ಬಿಚ್ಚಿ, ಕ್ಯಾಪಿಗೆ ಸಿಕ್ಕಿಸಿ, ಲೋಹದ ಭಾಗವನ್ನು ಎಂಜಿನ್ನಿಗೆ ತಾಗಿಸಿ ಕಿಕ್ ಹೊಡೆಯಿರಿ. ಪ್ಲಗ್ ತೂತಿನಿಂದ ದೂರ ಇರಲಿ, ಅಲ್ಲಿಂದ ಪೆಟ್ರೋಲ್ ಆವಿ ಚಿಮ್ಮುತ್ತದೆ, ಬೆಂಕಿ ಹತ್ತಬಹುದು. ಕಿಡಿ ನೀಲಿಯಾಗಿ ದಪ್ಪಗೆ ಬಂದರೆ ಕರೆಂಟ್ ಸರಿ ಇದೆ. ಹಳದಿಯಾಗಿ ತೆಳ್ಳಗೆ ಬಂದರೆ ಪಾಯಿಂಟ್ ಕಡೆ, ಅಂದರೆ ಕಾಯಿಲ್ ಕರೆಂಟನ್ನು ಕಡಿದು ಕಿಡಿ ಹುಟ್ಟಿಸುವ ಸ್ವಿಚ್ಚಿನ ಕಡೆ ನೋಡಿ. ಪಾಯಿಂಟಿನಲ್ಲೇ ಜಾಸ್ತಿ ಕಿಡಿ ಹಾರುತ್ತಿದ್ದರೆ ಮೊದಲ ಅನುಮಾನ ಕಂಡೆನ್ಸರ್ ಮೇಲೆ. ಪಾಯಿಂಟ್ ಪೂರ್ತಿ ತೆರೆದಾಗ ಸಂದು 0.4 ಮಿ.ಮೀ. ಹತ್ತಿರ ಇರಬೇಕು. ಎಷ್ಟೋ ಸಲ ಇಷ್ಟಕ್ಕೇ ಗಾಡಿ ಓಡುತ್ತದೆ.

ಪಿಸ್ಟನ್, ರಿಂಗ್ ಕೇಳಿ ಬರುವವರಲ್ಲಿ ಒಂದು ಕೋರಿಕೆ. ನಿಮ್ಮ ಪ್ಲಗ್ ತನ್ನಿ. ತೊಳೆಯಬೇಡಿ, ಉಜ್ಜಬೇಡಿ, ಹಾಗೇ ಕಾಗದದಲ್ಲಿ ಸುತ್ತಿಕೊಂಡು ಬನ್ನಿ. ಅದರ ಬಣ್ಣವೇ ತೊಂದರೆ ಎಲ್ಲಿದೆ ಎಂದು ಹೇಳುತ್ತದೆ. ಇದು ಟೂ ಸ್ಟ್ರೋಕ್ ಎಂಜಿನ್. ಪೆಟ್ರೋಲ್, ಗಾಳಿ ಮೊದಲು ಪಿಸ್ಟನ್ ಕೆಳಗೆ ಕ್ರ್ಯಾಂಕ್ ತಿರುಗುವ ಜಾಗಕ್ಕೇ ಬಂದು, ಅಲ್ಲಿಂದ ಮೇಲೆ ಹೋಗುತ್ತವೆ. ಹಾಗಾಗಿ ಕ್ರ್ಯಾಂಕಿನ ಆಯಿಲ್ ಸೀಲ್ ಹೋದರೆ ಇಡೀ ಎಂಜಿನ್ ದಾರಿ ತಪ್ಪುತ್ತದೆ. ಕ್ಲಚ್ ಕಡೆಯ ಸೀಲ್ ಹೋದರೆ ಗೇರ್ ಆಯಿಲ್ ಒಳಗೆ ಎಳೆದುಕೊಂಡು ಹೊಗೆ ನಿಲ್ಲುವುದೇ ಇಲ್ಲ, ಗೇರ್ ಬಾಕ್ಸಿನಲ್ಲಿ ಆಯಿಲ್ ಕಡಿಮೆಯಾಗುತ್ತಾ ಹೋಗುತ್ತದೆ, ಪ್ಲಗ್ ಕಪ್ಪಗೆ ಒದ್ದೆ. ಪಾಯಿಂಟ್ ಕಡೆಯದು ಹೋದರೆ ಬರೀ ಗಾಳಿ ಸೇರುತ್ತದೆ. ಎಕ್ಸಲೇಟರ್ ಬಿಟ್ಟರೂ ಎಂಜಿನ್ ಕೂಗುತ್ತಲೇ ಇರುತ್ತದೆ, ಪ್ಲಗ್ ಬೆಳ್ಳಗೆ. ಹಾಗಿದ್ದಾಗ ದಯವಿಟ್ಟು ಗಾಡಿ ಓಡಿಸಬೇಡಿ, ಪಿಸ್ಟನ್ ಬಿಸಿಗೆ ಸಿಲಿಂಡರಿನಲ್ಲೇ ಹಿಡಿದುಕೊಳ್ಳುತ್ತದೆ. ಸೀಲ್ ಬದಲಿಸದೆ ಸಿಲಿಂಡರ್ ಕೊರೆಸಿ ಬೋರ್ ಮಾಡಿಸಿದರೆ ಹೊಸ ಪಿಸ್ಟನ್ನೂ ಹಿಡಿಯುತ್ತದೆ. ಪ್ಲಗ್ ಕಾಫಿ ಬಣ್ಣಕ್ಕಿದ್ದು ಪಿಕಪ್ ಮಾತ್ರ ಇಲ್ಲ ಎಂದರೆ ಮೊದಲು ಎರಡೂ ಸೈಲೆನ್ಸರಿನ ಕಾರ್ಬನ್ ತೆಗೆದು ನೋಡಿ.

ಹೀಗೆ ಮಾಡಿದರೆ ನಮ್ಮ ವ್ಯಾಪಾರ ಸ್ವಲ್ಪ ಕಡಿಮೆಯಾಗುತ್ತದೆ, ಗೊತ್ತು. ಆದರೆ ಈ ಗಾಡಿಗಳು ಇದೇ ಊರಿನಲ್ಲಿ ಹುಟ್ಟಿದವು. ಬೇಸತ್ತು ಗುಜರಿಗೆ ಹಾಕುವವರು ಒಬ್ಬರು ಕಡಿಮೆಯಾದರೂ ನಮಗೆ ಸಂತೋಷ.

ಸದ್ಯಕ್ಕೆ ಡಬ್ಬಿಗಳು ನಾಲ್ಕೇ ಇವೆ. ಜುಲೈ ಎರಡನೇ ಭಾನುವಾರ ಜಾವಾ-ಯೆಜ್ಡಿ ದಿನ, ಅದರ ಹಿಂದಿನ ವಾರ ಎಲ್ಲರೂ ಒಟ್ಟಿಗೆ ಬರುತ್ತೀರಿ. ಆ ವಾರಕ್ಕೆ ಬೇಕಾದವರು ಜೂನ್ ಕೊನೆಯೊಳಗೆ ಹೆಸರು ಬರೆಸಿ. ಪ್ಲಗ್, ಕೇಬಲ್, ಗ್ಯಾಸ್ಕೆಟ್, ಪೆಟ್ರೋಲಿಗೆ ಬೆರೆಸುವ ಟೂಟಿ ಆಯಿಲ್ ಎಂದಿನಂತೆ ಕೌಂಟರಿನಲ್ಲೇ ಸಿಗುತ್ತವೆ.

ಇಂತಿ,
ನಿಮ್ಮ ಅಂಗಡಿಯವರು