ಬೀಪ್ ಹಾಕಿದರೆ ಬೈಗುಳ ಮರೆಯಾಗದು

ಮಾನ್ಯರೇ,

ಖಾಸಗಿ ಎಫ್‌ಎಂ ವಾಹಿನಿಗಳೂ ಆಕಾಶವಾಣಿಯ ಕಾರ್ಯಕ್ರಮ ಸಂಹಿತೆ ಪಾಲಿಸಬೇಕು. ಹಾಗಾಗಿ ಹಾಡಿನ ಬೈಗುಳಕ್ಕೆ ಕತ್ತರಿ ಸರಿಯೇ. ಆದರೆ ನಮ್ಮ ಚಹಾದಂಗಡಿ, ಟಂಟಂ ಆಟೊಗಳ ರೇಡಿಯೊದಲ್ಲಿ ಕೇಳಿಬರುವ ಕತ್ತರಿ ಕೆಲಸ ಬಲು ಒರಟು. 1,000 ಹರ್ಟ್ಸ್‌ನ ಬೀಪ್ ಹಾಕಿದರೆ ಕಿವಿ ಅಲ್ಲಿಗೇ ಓಡುತ್ತದೆ. ಪೂರ್ತಿ ಮೌನವಾಗಿಸಿದರೆ ತಾಳ ಮುರಿಯುತ್ತದೆ. ಅದೇ ಹಾಡಿನಲ್ಲಿ ಗಾಯನವಿಲ್ಲದ ಕಡೆಯಿಂದ ಅಷ್ಟೇ ಮಾತ್ರೆಯ (ತಾಳದ ಎಣಿಕೆಯ) ವಾದ್ಯಭಾಗ ತಂದು ಕೂಡಿಸಿ, ಎರಡೂ ಅಂಚುಗಳನ್ನು 10–20 ಮಿಲಿಸೆಕೆಂಡು ಒಂದರೊಳಗೊಂದು ಬೆಸೆಯಬೇಕು. ಇಲ್ಲವಾದರೆ ‘ಟಕ್’ ಎನ್ನುತ್ತದೆ. ಕೋರಸ್‌ನಲ್ಲಿ, ಪ್ರತಿಧ್ವನಿಯ ಬಾಲದಲ್ಲಿ ಅದೇ ಪದ ಉಳಿದಿರುತ್ತದೆ, ಹೆಡ್‌ಫೋನ್ ಹಾಕಿಯೇ ಕೇಳಬೇಕು. ದೊಡ್ಡ ಎಡವಟ್ಟು ಮಾತ್ರ ಬೇರೆ: ಮೂಲ ಫೈಲಿಗೂ ತಿದ್ದಿದ ಫೈಲಿಗೂ ಒಂದೇ ಹೆಸರಿಟ್ಟು, ಬೈಗುಳವಿರುವ ಮೂಲವೇ ಪ್ರಸಾರವಾಗಿಬಿಡುವುದು! ಮೂಲವನ್ನು ಪ್ರಸಾರದ ಕಂಪ್ಯೂಟರಿನಲ್ಲಿ ಇಡಲೇಬಾರದು.

– ಧ್ವನಿ ಸಂಕಲನಕಾರರೊಬ್ಬರು, ವಿಜಯಪುರ